ಕೂತ ಹೆಣಗಳ ಜೊತೆ ಜರ್ಮನಿಗೆ

ಮಸ್ಕಿ

ಜರ್ಮನಿಯವರು ನನ್ನನ್ನು ಕರೆಸಿಕೊಂಡದ್ದು ನಾನು ಹೆಣವಾಗಿದ್ದೆ ಎಂಬ ಕಾರಣಕ್ಕೆ. ನಗಬೇಡಿ. ವೀಸಾ ಕೊಡುವ ಕಚೇರಿಯಲ್ಲಿ ಯಾಕೆ ಹೋಗುತ್ತೀರಿ ಎಂದು ಕೇಳಿದಾಗಲೂ ಇದನ್ನೇ ಹೇಳಿದೆ. ಆ ಅಧಿಕಾರಿ ನಗಲಿಲ್ಲ, ತಲೆ ತಗ್ಗಿಸಿ ಬರೆದುಕೊಂಡ.

ನಾನು ಲಿಂಗಸುಗೂರಿನ ಶಾಂತಾಬಾಯಿ. ನಾಟಕ ಕಂಪನಿಗಳಲ್ಲಿ ರಾಣಿಯಾಗಿ, ಸವತಿಯಾಗಿ, ಕೊನೆಕೊನೆಗೆ ಗಯ್ಯಾಳಿ ಅತ್ತೆಯಾಗಿ ಬಣ್ಣ ಹಚ್ಚಿದವಳು. ಬಾಯಿ ಜೋರು ಎಂದು ನಮ್ಮ ಕಡೆ ಹೆಸರಿದೆ. ಇರಲಿ ಬಿಡಿ, ಮೈಕು ಕೆಟ್ಟ ಊರುಗಳಲ್ಲಿ ನಾಟಕ ಉಳಿಸಿದ್ದು ಇದೇ ಬಾಯಿ. ನನ್ನನ್ನು ಸಿನಿಮಾಕ್ಕೆ ಎಳೆದವನು ಸಿಂಧನೂರಿನ ಬಸಣ್ಣ. ಎಂಬತ್ತರ ದಶಕದಲ್ಲಿ ಅವನು ಬಸ್ ಸ್ಟ್ಯಾಂಡಿನ ಹಿಂದೆ, ಗೋಣಿತಟ್ಟು ಕಟ್ಟಿದ ಕೋಣೆಯಲ್ಲಿ ವಿಡಿಯೋ ಪಿಕ್ಚರ್ ತೋರಿಸುತ್ತಿದ್ದ. ಎಲ್ಲಾ ಅಗ್ಗದ ದೆವ್ವದ ಸಿನಿಮಾ. ಕುಂಕುಮ ಕಲಸಿದ ನೀರಿನಂಥ ರಕ್ತ, ದಾರ ಕಾಣುವ ಹಾರುವ ರುಂಡ, ಕಿರುಚುವಾಗ ಅರ್ಧ ಕಿತ್ತುಬರುವ ಮೀಸೆ. ಜನ ಬೈದುಕೊಂಡೇ ಮತ್ತೆ ಬರುತ್ತಿದ್ದರು. ಬಸಣ್ಣನಿಗೆ ಅವುಗಳ ಮೇಲೆ ಜೀವ.

‘ಅಕ್ಕಾ, ದೊಡ್ಡ ಸಿನಿಮಾದವರು ರೊಕ್ಕ ಸುರುವಿ ಅಂಜಸ್ತಾರ. ಈ ಮಕ್ಕಳು ಬರೇ ಹುಂಬ ಧೈರ್ಯದ ಮ್ಯಾಲ ಅಂಜಸ್ತಾರ. ಅಂಥವರಿಗೆ ನಂದೂ ಒಂದು ನಮಸ್ಕಾರ ಇರ್ಲಿ,’ ಎಂದು ಹೇಳಿ ತಾನೇ ಒಂದು ಸಿನಿಮಾ ಮಾಡಲು ನಿಂತ. ಹೆಸರು ‘ಹೆಣಗಳ ಸುಗ್ಗಿ’.

ಕತೆ ಸರಳ. ಕಾಲುವೆ ನೀರು ಬಂತೆಂದು ಒಬ್ಬ ಗೌಡ ಹಳೆಯ ಸ್ಮಶಾನವನ್ನು ಸಮ ಮಾಡಿ ಭತ್ತ ಹಚ್ಚುತ್ತಾನೆ. ಕೆಳಗಿದ್ದವರು ಮೇಲೆ ಬರುತ್ತಾರೆ. ಇಂಥ ಕತೆಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ನಮ್ಮ ಭಾಗದಲ್ಲಿ ಬಹಳ ಮಂದಿಯನ್ನು ಮಲಗಿಸಿ ಹೂಳುವುದಿಲ್ಲ, ಕೂಡಿಸಿ ಹೂಳುತ್ತೇವೆ. ಪದ್ಮಾಸನ ಹಾಕಿಸಿ, ಹಣೆತುಂಬ ವಿಭೂತಿ ಬಳಿದು, ಗುಂಡಿಯಲ್ಲಿ ಗೂಡು ತೋಡಿ ಕೂಡಿಸಿ ಬರುತ್ತೇವೆ. ಆದ್ದರಿಂದ ನಮ್ಮ ಸಿನಿಮಾದ ಹೆಣಗಳೂ ಕೂತೇ ಮೇಲೆ ಬರುತ್ತವೆ. ನಡೆಯುವುದಿಲ್ಲ, ಕಚ್ಚುವುದಿಲ್ಲ, ಕೂಗುವುದಿಲ್ಲ. ಗೌಡ ನೋಡಿದಾಗ ಗದ್ದೆಯಲ್ಲಿ ಕೂತಿರುತ್ತವೆ. ಇನ್ನೊಮ್ಮೆ ನೋಡಿದರೆ ಬದುವಿನ ಮೇಲೆ. ಆಮೇಲೆ ಅಂಗಳದಲ್ಲಿ. ಕಡೆಗೆ ಅವನ ಮಂಚದ ಮೇಲೆ.

ಹೆಣವಾಗಲು ಸಿನಿಮಾದವರು ಯಾರೂ ಸಿಗಲಿಲ್ಲ, ಬದುಕಿದ್ದಾಗಲೇ ಹೆಣದಂತೆ ಕೂಡುವುದು ಅಪಶಕುನ ಅಂತ. ಬಳಗಾನೂರಿನ ದುರ್ಗವ್ವ ಒಪ್ಪಿದಳು. ಅವಳದು ನಾಟಿ ಹಚ್ಚುವ ಹೆಣ್ಣುಮಕ್ಕಳ ಗುಂಪು, ಅವಳು ಹೂಂ ಅಂದರೆ ಗುಂಪೆಲ್ಲಾ ಹೂಂ. ‘ದಿನಾ ಕೆಸರಾಗ ಬಗ್ಗಿ ನಿಂದ್ರತೀವಿ. ಒಂದಿನ ಕುಂದ್ರಾಕ ಹೇಳಾಕತ್ತೀರಿ, ಯಾಕ ಒಲ್ಲೆ ಅನ್ನೂಣು?’ ಎಂದಳು. ಗದ್ದೆಯಲ್ಲಿ ಗುಂಡಿ ತೋಡಿ, ಒಬ್ಬೊಬ್ಬರನ್ನೂ ಹಲಗೆಯ ಮೇಲೆ ಕೂಡಿಸಿ, ಕೆಸರು ತುಂಬಿ, ಬಾವಿಯಿಂದ ನೀರೆತ್ತುವ ಕಪಿಲೆಯ ಗಾಲಿಗೆ ಹಗ್ಗ ಹಾಕಿ, ಎತ್ತು ಹೂಡಿ ಎಳೆಸಿದೆವು. ಎತ್ತು ಮುಂದೆ ನಡೆದರೆ ಇತ್ತ ಹೆಣ ಮೇಲೆ ಬರುತ್ತಿತ್ತು. ಎಲ್ಲರಿಗಿಂತ ಮೊದಲು ಬರುವವಳು ದುರ್ಗವ್ವ, ಕೊನೆಗೆ ನಾನು. ಈ ಕೆಲಸಕ್ಕೆ ದುರ್ಗವ್ವ ಕೇಳಿದ್ದು ಒಂದೇ: ಸಿನಿಮಾವನ್ನು ಸಿಂಧನೂರಿನ ದೊಡ್ಡ ಟಾಕೀಜಿನಲ್ಲಿ ಹಾಕಬೇಕು, ತಾವೆಲ್ಲರೂ ಸಾಲಾಗಿ ಕೂತು ತಮ್ಮ ಮುಖ ನೋಡಬೇಕು. ನಾನು ಅವಳ ಕೈ ಹಿಡಿದು ಮಾತು ಕೊಟ್ಟೆ.

ಸಿನಿಮಾ ಮುಗಿದ ಮೇಲೆ ಟಾಕೀಜಿನ ಸಾಹುಕಾರ ಮೂಗು ಮುರಿದ. ‘ಸುಮ್ಮ ಕುಂತ ಹೆಣ ನೋಡಾಕ ಯಾವ ಮಗ ಬರ್ತಾನ್ರೀ? ಫಾರಿನ್ನಿನಿಂದ ಒಂದು ಬಹುಮಾನ ತಗೊಂಡು ಬರ್ರಿ, ಆಮ್ಯಾಲ ನೋಡೂಣು,’ ಅಂದ. ಅದು ತಮಾಷೆಯ ಮಾತು. ಆದರೆ ಮಸ್ಕಿಯ ಗುಡ್ಡದ ಬುಡದ ಗದ್ದೆಯಲ್ಲಿ ನಮ್ಮ ಶೂಟಿಂಗ್ ನಡೆದಾಗ ಅಶೋಕನ ಶಾಸನ ನೋಡಲು ಉರ್ಸುಲಾ ಎಂಬ ಜರ್ಮನ್ ಹೆಂಗಸು ಬಂದಿದ್ದಳು. ಶಾಸನದ ಕಡೆ ಬೆನ್ನು ಮಾಡಿ ಸಂಜೆವರೆಗೂ ನಮ್ಮ ಹೆಣಗಳನ್ನೇ ನೋಡಿದ್ದಳು. ಅವಳ ಊರಿನಲ್ಲಿ ಅಗ್ಗದ ಭಯಾನಕ ಸಿನಿಮಾಗಳದ್ದೇ ಒಂದು ಉತ್ಸವ ನಡೆಯುತ್ತದಂತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳು ನನಗೂ ಬಸಣ್ಣನಿಗೂ ಟಿಕೆಟ್ ಕಳಿಸಿಯೇಬಿಟ್ಟಳು.

ವಿಮಾನದಲ್ಲಿ

ನಮ್ಮ ಕಡೆ ವಿಮಾನ ಎಂದರೆ ಸತ್ತವರನ್ನು ಕೂಡಿಸಿ ಹೊರುವ ಹೂವಿನ ಚಟ್ಟವೂ ಹೌದು. ಇದರಲ್ಲೂ ಕೂಡಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಮುಂದೆ ತಟ್ಟೆ ಇಟ್ಟರು. ಭಜನೆಯೊಂದು ಕಡಿಮೆ ಇತ್ತು. ಕಾಲು ಜೋತುಬಿಟ್ಟು ಕೂತು ಅಭ್ಯಾಸವಿಲ್ಲದ ನಾನು ಸೀಟಿನ ಮೇಲೆಯೇ ಚಕ್ಕಳಮಕ್ಕಳ ಹಾಕಿದೆ. ಗಗನಸಖಿ ಬಂದು ನನ್ನ ಮೊಣಕಾಲನ್ನು ಮೆಲ್ಲಗೆ ಕೆಳಗೆ ಒತ್ತಿದಳು. ಅವಳು ಹೋದ ಮೇಲೆ ಮತ್ತೆ ಮೇಲೆ ತಗೊಂಡೆ. ಮತ್ತೆ ಬಂದಳು. ಈ ಜಗ್ಗಾಟ ಅರ್ಧ ದಾರಿ ನಡೆಯಿತು. ಕೊನೆಗೆ ಅವಳೇ ಸೋತು ನನ್ನ ಮೊಣಕಾಲ ಮೇಲೆ ಕಂಬಳಿ ಹೊದಿಸಿ ಹೋದಳು.

ಇಳಿದ ಮೇಲೆ ಸುಂಕದವರು ನನ್ನ ಬಣ್ಣದ ಪೆಟ್ಟಿಗೆ ತೆಗೆಸಿದರು. ಶೇಂಗಾ ಚಟ್ನಿಯ ಪುಡಿ, ವಿಭೂತಿ ಗಟ್ಟಿಗಳು, ಜೊತೆಗೆ ಬಸಣ್ಣ ಪ್ರದರ್ಶನಕ್ಕೆಂದು ಇಟ್ಟಿದ್ದ ರಬ್ಬರಿನ ತುಂಡು ಕೈ. ಪುಣ್ಯಾತ್ಮರು ತುಂಡು ಕೈಯನ್ನು ನೋಡಿ ನಕ್ಕು ಪಕ್ಕಕ್ಕಿಟ್ಟರು. ವಿಭೂತಿಯನ್ನು ಮಾತ್ರ ಕೈಗವಸು ಹಾಕಿಕೊಂಡು ಮುಟ್ಟಿದರು, ನಾಯಿಯ ಕೈಲಿ ಮೂಸಿಸಿದರು. ನಾಯಿಗೆ ಸೀನು ಬಂತು. ನಾನು ಒಂದು ಚೂರು ಮುರಿದು ನನ್ನ ಹಣೆಗೆ ಬಳಿದುಕೊಂಡು ‘ಇಷ್ಟ ನೋಡಪಾ’ ಅಂದೆ. ಬಿಟ್ಟರು.

ಉರ್ಸುಲಾಳ ಊರು

ಆ ಊರಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಕೊನೆತನಕ ಅದು ನನ್ನ ನಾಲಿಗೆಗೆ ಬಗ್ಗಲೇ ಇಲ್ಲ. ಉರ್ಸುಲಾ ಹಳೆಯ ಪುಸ್ತಕಗಳಿಂದ ಕನ್ನಡ ಕಲಿತವಳು. ‘ಶಾಂತಾಬಾಯಿಯವರೇ, ನಿಮಗೆ ಹಸಿವೆ ಉಂಟಾಗಿದೆಯೇ?’ ಎಂದು ಕೇಳುತ್ತಿದ್ದಳು. ಹೌದು ಅಂದರೆ ತಣ್ಣನೆಯ ರೊಟ್ಟಿ, ತಣ್ಣನೆಯ ಬೆಣ್ಣೆ, ತಣ್ಣನೆಯ ಸೌತೆಕಾಯಿ. ಒಲೆಯನ್ನು ನೋಡಿದರೆ ಬೆಳ್ಳಿಯಂತೆ ಹೊಳೆಯುತ್ತಿತ್ತು, ಹಚ್ಚಿದರೆ ಮಾಸೀತೆಂಬ ಭಯವೇನೋ. ನಾನು ಚಟ್ನಿಪುಡಿ ಬಿಚ್ಚಿದೆ. ಉರ್ಸುಲಾ ಒಂದು ಚಿಟಿಕೆ ತಿಂದು ಕಣ್ಣು ಒರೆಸಿಕೊಂಡು, ‘ಅತ್ಯಂತ ಸೊಗಸಾಗಿದೆ,’ ಎಂದಳು. ಮೆಚ್ಚಬೇಕಾದ ಹೆಣ್ಣು.

ಬೀದಿಯ ಜನ ಇನ್ನೂ ವಿಚಿತ್ರ. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ, ಆದರೂ ಕೆಂಪು ದೀಪ ಇದೆಯೆಂದು ಸಾಲಾಗಿ ನಿಂತಿರುತ್ತಾರೆ. ನಾನು ದಾಟಿದೆ. ಒಬ್ಬ ಮುದುಕ ಏನೋ ಬೈದ. ಬೈಗುಳಕ್ಕೆ ಭಾಷೆ ಬೇಕಾಗಿಲ್ಲ, ತಿರುಗಿ ನಾನೂ ಲಿಂಗಸುಗೂರಿನದೊಂದು ಕೊಟ್ಟೆ. ಅವನಿಗೂ ಅರ್ಥವಾಯಿತು.

ಮರುದಿನ ಉರ್ಸುಲಾ ತನ್ನ ತಾಯಿಯ ಸಮಾಧಿಗೆ ಕರೆದೊಯ್ದಳು. ಅದು ಸ್ಮಶಾನವೋ ತೋಟವೋ ತಿಳಿಯದು. ಅಳತೆ ಹಿಡಿದು ಮಲಗಿಸಿದ ಸಾಲು ಸಾಲು ಸತ್ತವರು, ಮೇಲೆ ಹೂಗಿಡ, ಬಾಗಿಲಲ್ಲಿ ನೀರು ಹಾಕಲು ಹಸಿರು ಝಾರಿಗಳು. ನನಗೆ ನಿಜಕ್ಕೂ ಹಿಡಿಸಿತು. ನಮ್ಮಲ್ಲಿ ಸ್ಮಶಾನಕ್ಕೆ ಹೋದವರು ಹಿಂದೆ ತಿರುಗಿ ನೋಡದೆ ಬರುತ್ತೇವೆ, ಇವರು ವಾರವಾರ ಬಂದು ನೀರು ಹಾಕುತ್ತಾರೆ. ‘ನಿಮ್ಮ ತಾಯಿ ಕುಳಿತಿದ್ದಾರೆಯೇ?’ ಎಂದು ಉರ್ಸುಲಾ ಕೇಳಿದಳು. ಹೂಂ, ಹತ್ತು ವರ್ಷದಿಂದ ಕೂತಾಳ, ಅಂದೆ. ಅವಳು ಝಾರಿಯನ್ನು ಕೆಳಗಿಟ್ಟು, ‘ಹಾಗಾದರೆ ಅವರಿಗೆ ಎದ್ದೇಳುವುದು ಸುಲಭ,’ ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಅವ್ವ ಏಳಲಿಲ್ಲವಲ್ಲ.

ಡಬ್ಬಿಯ ಮೇಲೆ

ಉತ್ಸವದ ಯಜಮಾನನೊಬ್ಬನಿದ್ದ. ಸದಾ ಕರಿ ಟೊಪ್ಪಿಗೆ ಹಾಕುತ್ತಿದ್ದ, ಹಾಗಾಗಿ ನಾನು ಅವನನ್ನು ಟೊಪ್ಪಿಗೆ ಸಾಹೇಬ ಎಂದೇ ಕರೆದೆ. ನಮ್ಮ ಸಿನಿಮಾವನ್ನು ತಾನೊಬ್ಬನೇ ಮೊದಲು ನೋಡಿ, ತನ್ನ ಕಚೇರಿಗೆ ಕರೆಸಿದ. ಮೇಜಿನ ಪಕ್ಕ ನೆಲದ ಮೇಲೆ ನಮ್ಮ ರೀಲುಗಳ ಡಬ್ಬಿಗಳಿದ್ದವು. ಅವನು ಹೇಳುತ್ತಾ ಹೋದ, ಉರ್ಸುಲಾ ಕನ್ನಡಕ್ಕೆ ತಿರುಗಿಸುತ್ತಾ ಹೋದಳು.

‘ಚಿತ್ರವು ಚೆನ್ನಾಗಿದೆ. ಆದರೆ ಮೊದಲನೆಯ ರೀಲನ್ನು ತೆಗೆದುಹಾಕಬೇಕು ಎನ್ನುತ್ತಾರೆ. ಹೆಣಗಳು ಕುಳಿತುಕೊಂಡು ಮೇಲೆ ಬರುವುದನ್ನು ನೋಡಿದರೆ ಜನರು ಯೋಗಾಸನದ ಚಿತ್ರವೆಂದು ತಿಳಿಯುತ್ತಾರಂತೆ. ಹೆಣವು ಮೊದಲು ಕೈಯನ್ನು ಹೊರಗೆ ಚಾಚಬೇಕಂತೆ. ಮೊದಲ ರೀಲು ಇದ್ದರೆ ಸ್ಪರ್ಧೆಗೆ ಸೇರಿಸುವುದಿಲ್ಲವಂತೆ.’

ನನಗೆ ಸಿಟ್ಟು ನೆತ್ತಿಗೇರಿತು. ‘ಕೈ ಯಾಕ ಚಾಚಬೇಕ? ಭಿಕ್ಷಾ ಬೇಡಾಕ ಬಂದಾವೇನು? ನಿಮ್ಮವರನ್ನ ಮಲಗಿಸಿರಿ, ನಿಮ್ಮವು ಕೈ ಚಾಚ್ಲಿ. ನಮ್ಮವರನ್ನ ಕೂಡಿಸಿವಿ, ಕೂತ ಬರ್ತಾವು. ಕೇಳು ಆ ಸಾಹೇಬನ್ನ, ಅವನ ಹೆಣ ಹೆಂಗ ಬರಬೇಕಂತ ನಾ ಏನರ ಹೇಳೀನೇನು?’

ಉರ್ಸುಲಾ ಇದನ್ನೆಲ್ಲ ಹೇಳಿದಳೋ, ಅರ್ಧ ನುಂಗಿದಳೋ ಗೊತ್ತಿಲ್ಲ. ಟೊಪ್ಪಿಗೆ ಸಾಹೇಬ ಭುಜ ಹಾರಿಸಿ, ಮೊದಲನೇ ಡಬ್ಬಿಯನ್ನು ಬೇರೆ ಇಡಲು ಕೆಳಗೆ ಬಗ್ಗಿದ. ಅವನಿಗಿಂತ ಮೊದಲು ನಾನು ಹೋಗಿ ಡಬ್ಬಿಯ ಮೇಲೆ ಕೂತೆ. ಬರೀ ಕೂತದ್ದಲ್ಲ. ಪದ್ಮಾಸನ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಸಿನಿಮಾದಲ್ಲಿ ಕೂತ ಹಾಗೇ ಕೂತೆ.

ಬಸಣ್ಣ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೋಗರೆದ. ‘ಯಕ್ಕಾ, ಏಳಬೇ. ಒಂದು ರೀಲ್ ಹೋದ್ರ ಹೋಗ್ಲಿ. ಬಹುಮಾನ ಬಂದ್ರ ಸಾಹುಕಾರ ಸಿನಿಮಾ ಹಾಕ್ತಾನ. ಹಠಾ ಮಾಡಿದ್ರ ಅದೂ ಇಲ್ಲ, ಇದೂ ಇಲ್ಲ.’

‘ದುರ್ಗವ್ವನ ಮಾರಿ ನೆಟ್ಟಗ ಕಾಣೂದ ಈ ರೀಲಿನ್ಯಾಗ. ಮುಂದೆಲ್ಲಾ ದೂರ ಕೂತಾರ, ಕೆಸರ ಮೆತ್ತೇತಿ, ಯಾರ ಯಾರಂತ ಗುರ್ತ ಹತ್ತಂಗಿಲ್ಲ. ಇಲ್ಲಿ ತಗದ್ರ ಊರಾಗ ಸಾಹುಕಾರನೂ ತಗೀತಾನ. ಫಾರಿನ್ನಿನವರ ಬ್ಯಾಡ ಅಂದಾರ, ನನಗ್ಯಾಕ ಬೇಕು ಅಂತಾನ. ಆಮ್ಯಾಲ ಅಕಿಗೇನು ತೋರಸ್ತಿ? ನಿನ್ನ ಮಾರಿ?’

ನಾನು ಮತ್ತೆ ಕಣ್ಣು ಮುಚ್ಚಿದೆ.

ಒಂದು ಹೇಳುತ್ತೇನೆ, ಜರ್ಮನಿಯವರು ಹೆಂಗಸಿನ ಮೈ ಮುಟ್ಟಿ ಎಬ್ಬಿಸುವ ಜನರಲ್ಲ. ನಮ್ಮ ಕಡೆಯ ಕಂಪನಿ ಮಾಲೀಕನಾಗಿದ್ದರೆ ರಟ್ಟೆ ಹಿಡಿದು ಎಳೆದಿರುತ್ತಿದ್ದ. ಇವರು ಸುತ್ತ ನಿಂತು ಮೆಲ್ಲಗೆ ಮಾತಾಡಿಕೊಂಡರು. ಒಬ್ಬಳು ಹಾಲಿಲ್ಲದ ಚಹಾ ತಂದು ನನ್ನ ಮುಂದೆ ಇಟ್ಟಳು. ಕೆಲಸದವರು ನನ್ನನ್ನು ಬಳಸಿಕೊಂಡು ಓಡಾಡಿದರು. ಟೊಪ್ಪಿಗೆ ಸಾಹೇಬ ಫೋನಿನಲ್ಲಿ ಮಾತಾಡುತ್ತಾ ನನ್ನ ಕಡೆ ನೋಡುವುದು, ಆ ಕಡೆ ತಿರುಗುವುದು, ಮತ್ತೆ ನೋಡುವುದು. ನಾನು ಕಣ್ಣು ತೆರೆದು ಅವನನ್ನೇ ದಿಟ್ಟಿಸಿದೆ. ರೆಪ್ಪೆ ಬಡಿಯದೆ ಕೂಡುವುದು ನಾಟಕದವರಿಗೆ ದೊಡ್ಡದಲ್ಲ. ಅವನು ಫೋನು ಇಟ್ಟು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಉರ್ಸುಲಾಳಿಗೆ ಏನೋ ಹೇಳಿದ.

‘ಮೊದಲನೆಯ ರೀಲು ಇರಲಿ ಎನ್ನುತ್ತಾರೆ. ಆದರೆ ಸ್ಪರ್ಧೆಯ ಹೊರಗೆ. ಬಹುಮಾನವಿಲ್ಲ,’ ಎಂದಳು.

‘ಬಹುಮಾನ ಅವನ ಟೊಪ್ಪಿಗ್ಯಾಗ ಇಟ್ಕೊಳ್ಲಿ,’ ಎಂದು ಎದ್ದೆ. ಕಾಲು ಮರಗಟ್ಟಿ ಬಸಣ್ಣನ ಮೇಲೆಯೇ ಬಿದ್ದೆ, ಅದು ಬೇರೆ ಮಾತು.

ಥಿಯೇಟರ್

ಪ್ರದರ್ಶನಕ್ಕೆ ಹುಡುಗ ಹುಡುಗಿಯರೇ ಹೆಚ್ಚು ಬಂದಿದ್ದರು. ಕರಿ ಬಟ್ಟೆ, ಮೂಗಿಗೆ ಕಿವಿಗೆ ಉಂಗುರ, ಕೈಯಲ್ಲಿ ಸೀಟಿ. ಸಿನಿಮಾ ಶುರುವಾಗುವ ಮೊದಲೇ ಕೂಗಾಟ, ಕಾಗದದ ಉಂಡೆ ಎಸೆದಾಟ. ಅಯ್ಯೋ ಶಿವನೇ, ಇದು ನಮ್ಮ ಸಿಂಧನೂರಿನ ಟಾಕೀಜಿನ ಗಾಂಧಿ ಕ್ಲಾಸೇ! ಆ ಊರಿಗೆ ಹೋದಮೇಲೆ ಮೊದಲ ಸಲ ನನಗೆ ಮನೆಗೆ ಬಂದ ಹಾಗಾಯಿತು.

ಕೆಸರಿನಿಂದ ದುರ್ಗವ್ವನ ತಲೆ ಮೇಲೆ ಬಂತು. ನಕ್ಕರು. ವಿಭೂತಿಯ ಹಣೆ ಬಂತು, ಇನ್ನೂ ಜೋರಾಗಿ ನಕ್ಕರು. ಟೊಪ್ಪಿಗೆ ಸಾಹೇಬ ನನ್ನ ಕಡೆ ತಿರುಗಿ, ನಾನು ಹೇಳಲಿಲ್ಲವೇ ಎಂಬಂತೆ ಹುಬ್ಬು ಹಾರಿಸಿದ. ಎದ್ದು ನಿಂತು ಎಲ್ಲರಿಗೂ ಮಂಗಳಾರತಿ ಮಾಡಬೇಕೆನಿಸಿತು. ಅಷ್ಟರಲ್ಲಿ ದುರ್ಗವ್ವ ಎದೆಮಟ ಬಂದು ಕಣ್ಣು ತೆರೆದಳು. ಎಂಥಾ ನೋಟ ಅದು! ನೋವೋ ಸಿಟ್ಟೋ ಹೇಳಲಾಗದು, ಕಣ್ಣು ಕೆಂಡ, ರೆಪ್ಪೆ ಮಾತ್ರ ಅಲುಗುವುದಿಲ್ಲ. ನಗು ಅರ್ಧಕ್ಕೇ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಮೇಲೆ ಬಂದು, ಹಸಿರು ಸಸಿಗಳ ನಡುವೆ ಸುಮ್ಮನೆ ಕೂತರು.

ಗೌಡನ ಅಂಗಳದಲ್ಲಿ ಹೆಣಗಳು ಕೂತಾಗ ಸೀಟಿ ನಿಂತಿತ್ತು. ಅವನ ಮನೆಕಟ್ಟೆಯ ಮೇಲೆ ಕೂತಾಗ, ನನ್ನ ಮುಂದಿನ ಸಾಲಿನ ಹುಡುಗಿ ಎರಡೂ ಕಾಲನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡಳು. ಪಕ್ಕದವನೂ ಎತ್ತಿಕೊಂಡ. ಆಗ ಪರದೆಯ ಮೇಲೆ ‘ಮಧ್ಯಂತರ’ ಎಂದು ಬಂತು. ಅಲ್ಲಿ ಮಧ್ಯಂತರವೆಂಬುದೇ ಇಲ್ಲವಂತೆ, ಯಾರೂ ಕದಲಲಿಲ್ಲ. ಆ ಅಕ್ಷರಗಳನ್ನೂ ಹೆದರಿಕೊಂಡೇ ನೋಡಿದರು. ಬಸಣ್ಣ ನನ್ನ ಕಿವಿಯಲ್ಲಿ, ‘ಯಕ್ಕಾ, ನಮ್ಮ ಅಕ್ಷರಕ್ಕೂ ಅಂಜಾಕತ್ತಾರ ನೋಡು,’ ಅಂದ.

ಮುಗಿದಾಗ ಚಪ್ಪಾಳೆ ಬಿತ್ತು. ಟೊಪ್ಪಿಗೆ ಸಾಹೇಬ ಕೈಕುಲುಕಿ, ಮುಂದಿನ ಸಲ ಹೆಣಗಳು ಸ್ವಲ್ಪವಾದರೂ ನಡೆಯಲಿ ಅಂದ. ನಡೆಯುವುದಿಲ್ಲ ಅಂದೆ. ಬಹುಮಾನ ಓಡಾಡುವ, ಕಚ್ಚುವ ಹೆಣಗಳಿಗೇ ಹೋಯಿತು. ನಾನೂ ಆ ಸಿನಿಮಾ ನೋಡಿದೆ. ಮೀಸೆ ಕಿತ್ತುಬರುವುದೊಂದನ್ನು ಬಿಟ್ಟರೆ ಎಲ್ಲಾ ಇತ್ತು.

ಸಿಂಧನೂರು

ಬರಿಗೈಯಲ್ಲಿ ಬಂದೆವು. ಸಾಹುಕಾರ ಟಾಕೀಜಿನ ಕಚೇರಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ.

‘ಬಹುಮಾನ ಎಲ್ಲೈತ್ರೀ ಶಾಂತಾಬಾಯಿ?’

‘ಇಲ್ಲರೀ.’

‘ಹಂಗಾರ ಸಿನಿಮಾನೂ ಇಲ್ಲ.’

ನಾನು ಅವನೊಂದಿಗೆ ವಾದ ಮಾಡಲಿಲ್ಲ. ಬಳಗಾನೂರಿನ ಬಸ್ಸು ಹತ್ತಿ ದುರ್ಗವ್ವನ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಡಬ್ಬಿಯ ಮೇಲೆ ಕೂತದ್ದನ್ನೂ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು, ‘ನೀ ಒಬ್ಬಾಕಿ ಕೂತದ್ದಕ ಅಷ್ಟ ಆತು. ನಾವೆಲ್ಲಾ ಕೂತ್ರ?’ ಅಂದಳು.

ಮರುದಿನ ಮ್ಯಾಟ್ನಿ ಹೊತ್ತಿಗೆ ಟಾಕೀಜಿನ ಟಿಕೆಟ್ ಕಿಟಕಿಯ ಮುಂದೆ ಕೂತೆವು. ಮುಖಕ್ಕೆ ಬಣ್ಣ, ಹಣೆತುಂಬ ವಿಭೂತಿ, ಮೈಗೆ ಕೆಸರು, ಪದ್ಮಾಸನ. ಮಾತಿಲ್ಲ, ಘೋಷಣೆಯಿಲ್ಲ. ಟಿಕೆಟ್ಟಿಗೆ ಬಂದವರು ನಮ್ಮನ್ನು ದಾಟಿ ಹೋಗಲು ಹಿಂಜರಿದರು. ಹೆಣ ದಾಟುವುದುಂಟೇ? ಸಾಹುಕಾರ ಬಾಗಿಲಿಗೆ ಬಂದು, ‘ಏ ಏಳ್ರಿ ಏಳ್ರಿ, ಪೊಲೀಸರನ್ನ ಕರೀತೀನಿ,’ ಎಂದು ಕೂಗಿದ. ಪೊಲೀಸಪ್ಪ ಬಂದ, ನೋಡಿದ, ಕೈಮುಗಿದು ಹೋದ.

ಅದರ ಮರುದಿನ ಬೆಳಿಗ್ಗೆ ಸಾಹುಕಾರ ಕಚೇರಿಗೆ ಬಂದರೆ ನಾವು ಕಚೇರಿಯ ಬಾಗಿಲಲ್ಲಿ ಕೂತಿದ್ದೆವು. ಅದಾದ ಮರುದಿನ ಅವನು ಹಲ್ಲುಜ್ಜಲು ಮನೆಯ ಬಾಗಿಲು ತೆಗೆದಾಗ ಅವನ ಕಟ್ಟೆಯ ಮೇಲಿದ್ದೆವು. ಒಳಗಿನಿಂದ ಅವನ ಮುದಿ ತಾಯಿ ಬಂದು ಊದುಬತ್ತಿ ಹಚ್ಚಿಟ್ಟು, ‘ಯಾರ ಮನಿಯವರವ್ವಾ ಪಾಪ,’ ಎಂದು ದುರ್ಗವ್ವನ ಪಾದ ಮುಟ್ಟಿದಳು. ದುರ್ಗವ್ವ ಮೆಲ್ಲಗೆ ಕಣ್ಣು ತೆರೆದು ಸಾಹುಕಾರನನ್ನು ನೋಡಿದಳು.

‘ಹಾಕ್ತೀನಿ ಮಾರಾಯರ, ಶುಕ್ರವಾರ ಹಾಕ್ತೀನಿ! ಮದ್ಲ ಇಳೀರಿ ನಮ್ಮ ಕಟ್ಟಿ!’

ಶುಕ್ರವಾರ ಬಳಗಾನೂರಿನಿಂದ, ಜವಳಗೇರಾದಿಂದ ಟ್ರ್ಯಾಕ್ಟರ್ ತುಂಬಿ ಜನ ಬಂದರು. ದುರ್ಗವ್ವನ ಗುಂಪು ಗಾಂಧಿ ಕ್ಲಾಸಿನ ಮೊದಲ ಸಾಲಿನಲ್ಲಿ, ಒಗೆದ ಸೀರೆಯುಟ್ಟು, ಹೂ ಮುಡಿದು ಕೂತಿತು. ಕೆಸರಿನಿಂದ ದುರ್ಗವ್ವನ ತಲೆ ಮೇಲೆ ಬಂದದ್ದೇ ತಡ, ಟಾಕೀಜು ಹಾರಿಹೋಗುವಂತೆ ನಗು, ಸೀಟಿ. ‘ಏ ದುರ್ಗವ್ವಾ, ಸತ್ತ ಮ್ಯಾಲ ಭಾಳ ಚೆಂದ ಆಗೀಯಲ್ಲಬೇ!’ ಎಂದು ಯಾರೋ ಕೂಗಿದರು. ಅವಳು ತಿರುಗಿ, ‘ನೀ ಬದಕಿದ್ದೂ ಆಗಲಿಲ್ಲಲ್ಲೋ!’ ಅಂದಳು. ಪರದೆಯ ಮೇಲೆ ಅವಳು ಕಣ್ಣು ತೆರೆದಳು. ಜರ್ಮನಿಯವರ ನಗು ನಿಲ್ಲಿಸಿದ ನೋಟ ಇದೇ ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ.

‘ಆ ಹೊತ್ತಿನ್ಯಾಗ ತೊಡಿಗೆ ಏಡಿ ಕಡದಿತ್ತು ಬೇ. ಬಸಣ್ಣ ಕಣ್ಣ ಮಿಟುಕಬ್ಯಾಡ ಅಂದಿದ್ದ, ನಾ ಮಿಟುಕಲಿಲ್ಲ,’ ಎಂದಳು.

ನಾವಿಬ್ಬರೂ ನಕ್ಕೆವು, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೂ ನಕ್ಕೆವು. ಒಬ್ಬೊಬ್ಬರು ಮೇಲೆ ಬಂದಾಗಲೂ ಅವರವರ ಮನೆಯವರು ಹೆಸರು ಹಿಡಿದು ಕೂಗಿದರು. ಮೊದಲ ರೀಲು ಮುಗಿದು ಗೌಡನ ಮನೆ ಕಂಡಾಗ ದುರ್ಗವ್ವ ಕುರ್ಚಿಯ ಮೇಲೆ ಹತ್ತಿ ನಿಂತು ಹಿಂದೆ ತಿರುಗಿ, ಪ್ರೊಜೆಕ್ಟರಿನ ಕಿಂಡಿಯತ್ತ ಕೈ ಎತ್ತಿದಳು.

‘ವನ್ಸ್ ಮೋರ್!’

ಟಾಕೀಜೆಲ್ಲಾ ಎದ್ದು ಅದನ್ನೇ ಕೂಗಿತು. ಗೌಡನ ಮುಖ ಪರದೆಯ ಮೇಲೆ ಅರ್ಧಕ್ಕೇ ನಿಂತಿತು, ದೀಪ ಹೊತ್ತಿದವು. ಟೊಪ್ಪಿಗೆ ಸಾಹೇಬ ಬೇಡವೆಂದ ರೀಲನ್ನು ಸಿಂಧನೂರಿನವರು ಸುತ್ತಿಸಿ, ಮತ್ತೆ ಮೊದಲಿನಿಂದ ಹಾಕಿಸಿದರು.